ಹಳ್ಳಿಗರ ಹೆಸರಲ್ಲಿ ಕೊಟ್ಟ ನೆಪ

ನಮ್ಮ ಜವಾನರಲ್ಲಿ ಹೆಚ್ಚಿನವರು ಹಳ್ಳಿಯಿಂದ ಬಂದವರು. ಹೆಣ್ಣೊಬ್ಬಳು ತುಕಡಿಯ ಮುಖ್ಯಸ್ಥೆಯಾಗಿ ನಿಂತರೆ ಒಪ್ಪಿಕೊಳ್ಳುವಷ್ಟು ಅವರ ಮನಸ್ಸು ಇನ್ನೂ ಪಳಗಿಲ್ಲ. ಭಾರತ ಸರ್ಕಾರ ಸುಪ್ರೀಂ ಕೋರ್ಟಿಗೆ ಬರೆದುಕೊಟ್ಟ ವಾದದ ತಿರುಳು ಇದು. ಸೇನೆಯ ಮಹಿಳಾ ಅಧಿಕಾರಿಗಳಿಗೆ ಕಾಯಂ ನೇಮಕಾತಿಯನ್ನೂ ಕಮಾಂಡ್ ಹುದ್ದೆಯನ್ನೂ ಏಕೆ ಕೊಡಲಾಗದು ಎಂಬ ಪ್ರಶ್ನೆಗೆ ದಿಲ್ಲಿಯ ಕಚೇರಿಗಳಲ್ಲಿ ಕೂತವರು ಹುಡುಕಿದ ಉತ್ತರ. ತಮ್ಮ ಮನಸ್ಸಿನಲ್ಲಿದ್ದುದನ್ನು ತಮ್ಮ ಹೆಸರಿನಲ್ಲಿ ಹೇಳುವ ಧೈರ್ಯ ಅವರಿಗಿರಲಿಲ್ಲ. ಹಳ್ಳಿಯವನ ಹೆಗಲಿಗೆ ಹಾಕಿ ಕೈ ತೊಳೆದುಕೊಂಡರು.

2020ರ ಫೆಬ್ರುವರಿ 17ರಂದು ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಅಜಯ್ ರಸ್ತೋಗಿ ಅವರ ಪೀಠ, ಬಬಿತಾ ಪೂನಿಯಾ ಪ್ರಕರಣದಲ್ಲಿ, ಈ ವಾದವನ್ನು ತಳ್ಳಿಹಾಕಿತು. ಹೆಣ್ಣಿಗೆ ಬಸಿರು-ಬಾಣಂತನವಿದೆ, ಮನೆಯ ಜವಾಬ್ದಾರಿಯಿದೆ, ಮೈಕಸುವು ಕಡಿಮೆ ಎಂಬ ಇನ್ನುಳಿದ ವಾದಗಳೂ ಅದರ ಜೊತೆಯಲ್ಲೇ ಬಿದ್ದವು. ಕೋರ್ಟು ತನ್ನ ಕೆಲಸ ಮಾಡಿತು. ಆದರೆ ಹಳ್ಳಿಯ ಮೇಲೆ ಹೊರಿಸಿದ ಆಪಾದನೆಗೆ ಹಳ್ಳಿಯ ಕಡೆಯಿಂದ ಯಾರೂ ಉತ್ತರ ಕೊಡಲಿಲ್ಲ. ವಿಜಯಪುರ ಜಿಲ್ಲೆಯ ಇಂಡಿಯನ್ನು ಯಾರೂ ಕೇಳಲಿಲ್ಲ, ಸಿಂದಗಿಯನ್ನು ಕೇಳಲಿಲ್ಲ, ಮುದ್ದೇಬಿಹಾಳವನ್ನೂ ಬಸವನ ಬಾಗೇವಾಡಿಯನ್ನೂ ಕೇಳಲಿಲ್ಲ. ಭೀಮೆ-ಕೃಷ್ಣೆಯರ ನಡುವಿನ ಈ ನಾಲ್ಕು ತಾಲ್ಲೂಕುಗಳಿಂದ ಮಿಲಿಟರಿಗೆ ಹೋದವರು, ಹೋಗಿ ಬಂದವರು ಊರೂರಿಗೂ ಇದ್ದಾರೆ. ಸರ್ಕಾರ ಹೇಳಿದ ಆ ‘ಹಳ್ಳಿಯ ಜವಾನ’ ಇವರೇ. ಇವರ ಹೆಸರಿನಲ್ಲಿ ಹೇಳಿದ ಮಾತನ್ನು ಇಲ್ಲಿಂದಲೇ ಅಲ್ಲಗಳೆಯಬೇಕಾಗಿದೆ.

ಕರ್ನಾಟಕದ ಹಳ್ಳಿಗಾಡಿಗೆ ಹೆಣ್ಣಿನ ಅಧಿಕಾರ ಹೊಸದಲ್ಲ. 1987ರ ಜಿಲ್ಲಾ ಪರಿಷತ್ ಚುನಾವಣೆಯಲ್ಲಿಯೇ, ಅಂದರೆ ಸಂವಿಧಾನದ 73ನೇ ತಿದ್ದುಪಡಿಗೂ ಮೊದಲೇ, ಇಲ್ಲಿ ಶೇ 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. 2010ರಿಂದ ಅದು ಅರ್ಧಕ್ಕೆ ಏರಿದೆ. ಪಂಚಾಯಿತಿಯಲ್ಲಿ ಉದ್ಯೋಗ ಖಾತ್ರಿಯ ಬಿಲ್ಲಿಗೆ ಸಹಿ ಹಾಕುವವಳು ಹೆಣ್ಣು, ಠಾಣೆಯಲ್ಲಿ ‘ಏ, ಅತ್ತ ನಿಂದ್ರು’ ಎಂದು ಗದರುವ ಪಿಎಸ್‌ಐ ಹೆಣ್ಣು, ತಹಶೀಲ್ದಾರರ ಕುರ್ಚಿಯಲ್ಲಿ ಹೆಣ್ಣು. ವಿಜಯಪುರದಿಂದ ಇಂಡಿಗೆ ಹೊರಟ ಬಸ್ಸಿನಲ್ಲಿ ಕಂಡಕ್ಟರಮ್ಮ ಸೀಟಿ ಊದಿದರೆ ಬಾಗಿಲಲ್ಲಿ ಜೋತುಬಿದ್ದ ಗಂಡಸರೆಲ್ಲ ಒಳಗೆ ಸರಿಯುತ್ತಾರೆ. ಹೌದು, ಅಧ್ಯಕ್ಷೆಯ ಕುರ್ಚಿಯಲ್ಲಿ ಅಧ್ಯಕ್ಷೆಯ ಗಂಡ ಕೂರುವ ಪಂಚಾಯಿತಿಗಳೂ ಇವೆ. ಆ ನಾಚಿಕೆಗೇಡನ್ನು ಮುಚ್ಚಿಡುವ ಉದ್ದೇಶ ನಮಗಿಲ್ಲ. ಆದರೆ ಸೇನೆಯ ಮಾತೇ ಬೇರೆ. ಅಲ್ಲಿ ಹುದ್ದೆಯನ್ನು ನೋಡಿ ಸೆಲ್ಯೂಟ್ ಹೊಡೆಯುತ್ತಾರೆ. ಹುದ್ದೆಗೆ ತಲೆಬಾಗುವುದನ್ನೇ ತರಬೇತಿಯ ಮೊದಲ ದಿನದಿಂದ ಕಲಿಸುವ ಸಂಸ್ಥೆಯೊಂದು, ತನ್ನ ಜವಾನರಿಗೆ ಅಷ್ಟು ಕಲಿಸಲಾಗದು ಎಂದು ಕೋರ್ಟಿನಲ್ಲಿ ಹೇಳಿದರೆ ಅದು ತನ್ನ ತರಬೇತಿಯನ್ನೇ ಹಳಿದುಕೊಂಡ ಹಾಗೆ.

ಬಸವನ ಬಾಗೇವಾಡಿಯ ಮಟ್ಟಿಗಂತೂ ಈ ವಾದ ಅವಮಾನ. ಬಸವಣ್ಣನ ಜೊತೆ ಮನೆ ಬಿಟ್ಟು ಹೊರಟ ಅಕ್ಕ ನಾಗಮ್ಮ ಇದೇ ಊರಿನವಳು. ಕಲ್ಯಾಣದಲ್ಲಿ ಕ್ರಾಂತಿಯಾಗಿ ಶರಣರ ಹಿಂದೆ ರಾಜನ ಸೈನ್ಯ ಬೆನ್ನುಹತ್ತಿದಾಗ, ವಚನದ ಕಟ್ಟುಗಳನ್ನು ಉಳಿಸಿಕೊಂಡು ಉಳವಿಯ ಕಡೆಗೆ ಸಾಗಿದ ದಂಡಿನಲ್ಲಿ ಚೆನ್ನಬಸವಣ್ಣನ ಜೊತೆ ಈಕೆಯೂ ಮುಂದಾಳಾಗಿದ್ದಳು ಎಂದು ಪರಂಪರೆ ಹೇಳುತ್ತದೆ. ಬೆಳಗಾವಿ ಸೀಮೆಗೆ ಹೋದರೆ ಕಿತ್ತೂರಿನ ಚೆನ್ನಮ್ಮ, ಬೆಳವಡಿಯ ಮಲ್ಲಮ್ಮ. ಈ ಹೆಸರುಗಳನ್ನು ಸರ್ಕಲ್ಲಿಗೆ ಇಟ್ಟು, ಜಯಂತಿಗೆ ಹಾರ ಹಾಕಿ, ಭಾಷಣ ಮುಗಿಸಿ ಮನೆಗೆ ಹೋಗುವುದು ನಮಗೆ ರೂಢಿಯಾಗಿದೆ. ಹಾರ ಹಾಕಿದ ನಾಯಕರಲ್ಲಿ ಒಬ್ಬರಾದರೂ, ಹೆಣ್ಣಿನ ಮಾತು ಕೇಳುವ ಬುದ್ಧಿ ಹಳ್ಳಿಯವರಿಗಿಲ್ಲ ಎಂದು ಸರ್ಕಾರ ಕೋರ್ಟಿನಲ್ಲಿ ಹೇಳಿದಾಗ ಬಾಯಿ ಬಿಟ್ಟರೇ?

ತಪ್ಪಿನ ಬೇರು ಕಾನೂನಿನಲ್ಲೇ ಇದೆ. 1950ರ ಸೇನಾ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಣ್ಣು ಸೇನೆಗೆ ಸೇರಲು ಅರ್ಹಳಲ್ಲ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಹೆಸರಿಸಿದ ದಳಗಳು ಮಾತ್ರ ಇದಕ್ಕೆ ಹೊರತು. ವಾಯುಪಡೆಯ ಕಾಯ್ದೆಯಲ್ಲೂ ನೌಕಾಪಡೆಯ ಕಾಯ್ದೆಯಲ್ಲೂ ಇದೇ ಧಾಟಿಯ ಮಾತಿದೆ. ಗಂಡಸಿಗೆ ಎಲ್ಲ ಬಾಗಿಲೂ ತೆರೆದಿವೆ, ಯಾವುದನ್ನಾದರೂ ಮುಚ್ಚಬೇಕಾದರೆ ಕಾರಣ ಹೇಳಬೇಕು. ಹೆಣ್ಣಿಗೆ ಎಲ್ಲವೂ ಮುಚ್ಚಿವೆ, ಒಂದೊಂದನ್ನೂ ತೆರೆಯುವಂತೆ ಅಂಗಲಾಚಬೇಕು. ಸಂವಿಧಾನ ಜಾರಿಗೆ ಬಂದ ವರ್ಷವೇ ಬರೆದ ಈ ಸಾಲನ್ನು ತೆಗೆಯುವ ಗೋಜಿಗೆ ಯಾವ ಪಕ್ಷದ ಸರ್ಕಾರವೂ ಹೋಗಲಿಲ್ಲ.

ಅದರಿಂದಾಗಿಯೇ ಈ ಎಪ್ಪತ್ತೈದು ವರ್ಷಗಳ ಚರಿತ್ರೆ ದಯೆ-ದಾಕ್ಷಿಣ್ಯದ ಚರಿತ್ರೆಯಾಗಿದೆ. ಮಿಲಿಟರಿ ನರ್ಸಿಂಗ್‌ನಲ್ಲಿ ಹೆಣ್ಣುಮಕ್ಕಳು 1888ರಿಂದ ದುಡಿಯುತ್ತಿದ್ದಾರೆ. ಗಾಯಾಳುವಿನ ರಕ್ತ ಒರೆಸಲು ಅಡ್ಡಿಯಿರಲಿಲ್ಲ. ಅಧಿಕಾರಿಗಳಾಗಿ ವೈದ್ಯಕೀಯೇತರ ದಳಗಳಿಗೆ ಬರಲು 1992ರವರೆಗೆ ಕಾಯಬೇಕಾಯಿತು, ಅದೂ ಐದು ವರ್ಷದ ಅವಧಿಗೆ. ಅವಧಿಯನ್ನು ಎಳೆದೆಳೆದು ಹದಿನಾಲ್ಕು ವರ್ಷ ಮಾಡಿದರು. ಅಧಿಕಾರಿಗೆ ಪಿಂಚಣಿ ಸಿಗಬೇಕಾದರೆ ಇಪ್ಪತ್ತು ವರ್ಷದ ಸೇವೆ ಬೇಕು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು, ಮೋಸ ಎಲ್ಲಿದೆ ಎಂದು ತಿಳಿಯುತ್ತದೆ: ಮೂವತ್ತೈದು ಮೂವತ್ತಾರರ ಹೆಣ್ಣು, ಹರೆಯವನ್ನೆಲ್ಲ ಸಮವಸ್ತ್ರಕ್ಕೆ ಕೊಟ್ಟವಳು, ಪಿಂಚಣಿಯಿಲ್ಲದೆ ಮನೆಗೆ. ಇದರ ವಿರುದ್ಧ 2003ರಲ್ಲಿ ಅರ್ಜಿ ಬಿತ್ತು. 2010ರ ಮಾರ್ಚ್ 12ರಂದು ದಿಲ್ಲಿ ಹೈಕೋರ್ಟ್ ಮಹಿಳೆಯರ ಪರವಾಗಿ ತೀರ್ಪು ಕೊಟ್ಟಿತು. ಸರ್ಕಾರ ಮೇಲ್ಮನವಿ ಹೋಯಿತು. ತೀರ್ಪಿಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿರಲಿಲ್ಲ. ಹಾಗಿದ್ದೂ ಹತ್ತು ವರ್ಷ ಅದನ್ನು ಜಾರಿ ಮಾಡದೆ ಕೂತರು. ನಮ್ಮ ಕಡೆಯ ರೈತ ಕೋರ್ಟಿನ ಆದೇಶವನ್ನು ಹತ್ತು ದಿನ ಮೀರಿದರೆ ಜಪ್ತಿಗೆ ಬೇಲಿಫ್ ಬಂದು ನಿಲ್ಲುತ್ತಾನೆ.

2020ರಲ್ಲಿ ಸೋತ ಮೇಲಾದರೂ ಮನಸ್ಸು ತಿಳಿಯಾಯಿತೇ? ಇಲ್ಲ. ಕಾಯಂ ಮಾಡುತ್ತೇವೆ ಎಂದು ಹೇಳಿ, ನಲವತ್ತು ದಾಟಿದ ಮಹಿಳಾ ಅಧಿಕಾರಿಗಳನ್ನು ಶೇಪ್-1 ಎಂಬ ಪೂರ್ಣ ಆರೋಗ್ಯದ ಮಾನದಂಡಕ್ಕೆ ನಿಲ್ಲಿಸಿದರು. ಅವರ ಜೊತೆ ಕೆಲಸ ಮಾಡಿದ ಗಂಡಸರು ಕಾಯಂ ಆಗುವಾಗ ಈ ಪರೀಕ್ಷೆಗೆ ನಿಂತದ್ದು ಸೇವೆಯ ಐದನೆಯ ಅಥವಾ ಹತ್ತನೆಯ ವರ್ಷದಲ್ಲಿ, ಎಳೆಯ ಮೈಯಲ್ಲಿ. ಹೆಣ್ಣುಮಕ್ಕಳನ್ನು ಆ ವಯಸ್ಸಿನಲ್ಲಿ ಪರಿಗಣಿಸದೆ ಕಾಯಿಸಿದವರು ಇವರೇ. ಕಾದು ವಯಸ್ಸಾದ ಮೇಲೆ ಅನರ್ಹರೆಂದವರೂ ಇವರೇ. ಅವರ ಗೋಪ್ಯ ವರದಿಗಳನ್ನು ಬರೆದ ಮೇಲಧಿಕಾರಿಗಳು, ಇವಳು ಹೇಗೂ ಹದಿನಾಲ್ಕು ವರ್ಷಕ್ಕೆ ಹೋಗುವವಳು ಎಂದುಕೊಂಡು ಉದಾಸೀನವಾಗಿ ಬರೆದಿದ್ದರು. ಈಗ ಅದೇ ವರದಿಗಳನ್ನು ತೂಕಕ್ಕೆ ಹಾಕಿದರು. 2021ರ ಮಾರ್ಚ್ 25ರಂದು ಲೆಫ್ಟಿನೆಂಟ್ ಕರ್ನಲ್ ನಿತಿಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಪರೋಕ್ಷ ತಾರತಮ್ಯ ಎಂದು ಕರೆಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆಗೆ ಹೆಣ್ಣುಮಕ್ಕಳನ್ನು ಕೂರಿಸಿ ಎಂದು ಮತ್ತೆ ಕೋರ್ಟೇ ಹೇಳಬೇಕಾಯಿತು. 2025ರ ಆಗಸ್ಟ್‌ನಲ್ಲಿ ಸೇನೆಯ ಕಾನೂನು ವಿಭಾಗದ ನೇಮಕಾತಿಯಲ್ಲಿ ಗಂಡಸರಿಗೆ ಎರಡು ಪಾಲು, ಹೆಂಗಸರಿಗೆ ಒಂದು ಪಾಲು ಎಂಬ ಹಂಚಿಕೆಯನ್ನು ಹೊಡೆದುಹಾಕಿದ್ದೂ ಕೋರ್ಟೇ. ವಕಾಲತ್ತು ಮಾಡಲು ಮೈಕಟ್ಟು ಏಕೆ ಬೇಕು ಎಂದು ಕೇಳುವವರೂ ಆ ಇಲಾಖೆಯಲ್ಲಿ ಇದ್ದಂತಿಲ್ಲ. ಇಷ್ಟು ಸಲ ಸೋತ ಕಕ್ಷಿದಾರನನ್ನು ಹಟಮಾರಿ ಎನ್ನದೆ ಬೇರೇನು ಎನ್ನುವುದು?

2025ರ ಮೇ 7ರ ಬೆಳಿಗ್ಗೆ ಆಪರೇಷನ್ ಸಿಂಧೂರ ಸೇನಾ ಕಾರ್ಯಾಚರಣೆಯ ವಿವರ ಕೊಡಲು ಕರ್ನಲ್ ಸೋಫಿಯಾ ಖುರೇಷಿ ಮತ್ತು ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್ ಕ್ಯಾಮೆರಾ ಮುಂದೆ ಬಂದರು. ಖುರೇಷಿ ಅವರು ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಸೊಸೆ. ಗಂಡನ ಮನೆತನದ ಅಡ್ಡಹೆಸರು ಬಾಗೇವಾಡಿ. ನಮ್ಮ ಭಾಗದಲ್ಲಿ ಆ ದಿನ ಪಟಾಕಿ ಹೊಡೆದವರಿಗೆ ಲೆಕ್ಕವಿಲ್ಲ. 2016ರಲ್ಲಿ ಪುಣೆಯಲ್ಲಿ ಹದಿನೆಂಟು ದೇಶಗಳ ಸಮರಾಭ್ಯಾಸದಲ್ಲಿ ಭಾರತದ ತುಕಡಿಯನ್ನು ಮುನ್ನಡೆಸಿದ್ದ ಇದೇ ಅಧಿಕಾರಿಯ ಹೆಸರನ್ನು 2020ರ ತೀರ್ಪಿನಲ್ಲಿ ನ್ಯಾಯಾಲಯ ಉದಾಹರಣೆಯಾಗಿ ಬರೆದಿತ್ತು, ಸರ್ಕಾರದ ವಾದವನ್ನು ಸುಳ್ಳು ಮಾಡಲು. ಅಂದರೆ ಸರ್ಕಾರ ಯಾರನ್ನು ಟಿವಿ ಮುಂದೆ ಹೆಮ್ಮೆಯಿಂದ ನಿಲ್ಲಿಸಿತೋ ಅಂಥವರ ಹಕ್ಕಿನ ವಿರುದ್ಧವೇ ಅದು ಹದಿನೇಳು ವರ್ಷ ಹೊಡೆದಾಡಿತ್ತು. ಬ್ರೀಫಿಂಗ್ ಮುಗಿದು ವಾರ ಕಳೆಯುವುದರೊಳಗೆ ಮಧ್ಯಪ್ರದೇಶದ ಸಚಿವ ವಿಜಯ್ ಶಾ ಖುರೇಷಿ ಅವರ ಬಗ್ಗೆ ಆಡಿದ ಕೀಳುಮಾತಿಗೆ ಅಲ್ಲಿನ ಹೈಕೋರ್ಟ್ ತಾನೇ ಮುಂದಾಗಿ ಎಫ್‌ಐಆರ್ ಹಾಕಲು ಆದೇಶಿಸಿತು. ಹೆಣ್ಣಿನ ಆಜ್ಞೆಯನ್ನು ಜೀರ್ಣಿಸಿಕೊಳ್ಳಲಾಗದವರು ಯಾರು, ಹಳ್ಳಿಯ ಜವಾನನೋ ಗೂಟದ ಕಾರಿನ ಮಂತ್ರಿಯೋ?

ಇಷ್ಟು ಹೊತ್ತು ಹೇಳಿದ್ದು ಅಧಿಕಾರಿಗಳ ಮಾತು. ನಾಲ್ಕು ತಾಲ್ಲೂಕುಗಳ ಸಂಕಟ ಅದರ ಕೆಳಗಿನ ಮೆಟ್ಟಿಲಲ್ಲಿದೆ, ಮತ್ತು ಅಲ್ಲಿಯೇ ಸರ್ಕಾರದ ಅಪರಾಧ ಹೆಚ್ಚು ದೊಡ್ಡದು. ಸಿಂದಗಿಯ ರೈತನ ಮಗ ಸೇನೆಗೆ ಸೇರುವುದು ಜವಾನನಾಗಿ. ಅವನ ತಂಗಿಗೆ ಆ ದಾರಿ 2019ರವರೆಗೆ ಇರಲೇ ಇಲ್ಲ. ಆ ವರ್ಷ ಆಗಸ್ಟ್‌ನಲ್ಲಿ ಬೆಳಗಾವಿಯಲ್ಲಿ ಮಿಲಿಟರಿ ಪೊಲೀಸ್ ದಳಕ್ಕೆ ಹೆಣ್ಣುಮಕ್ಕಳ ಭರತಿ ನಡೆಯಿತು. ಮೊದಲ ತಂಡದ 83 ಮಂದಿ 2021ರ ಮೇ 8ರಂದು ಬೆಂಗಳೂರಿನ ಕೇಂದ್ರದಲ್ಲಿ ತರಬೇತಿ ಮುಗಿಸಿದರು. ಒಳ್ಳೆಯ ಆರಂಭ ಎಂದು ಆಗ ಎಲ್ಲರೂ ಬರೆದರು. ಆರಂಭ ಅಲ್ಲಿಯೇ ನಿಂತಿದೆ. ಪದಾತಿದಳ ಇರಲಿ, ಸಿಗ್ನಲ್ಸ್, ಸಪ್ಲೈ, ವರ್ಕ್‌ಷಾಪಿನ ಇಎಂಇಯಲ್ಲೂ ಹೆಣ್ಣು ಜವಾನಳಾಗಿ ಸೇರುವಂತಿಲ್ಲ. ಸೇನೆಯಲ್ಲಿ ಆಕೆಗೆ ತೆರೆದಿರುವುದು ಮಿಲಿಟರಿ ಪೊಲೀಸ್ ಒಂದೇ, ಅಲ್ಲಿಯೂ ವರ್ಷಕ್ಕೆ ದೇಶಕ್ಕೆಲ್ಲ ಸೇರಿ ನೂರರ ಆಸುಪಾಸಿನ ಸ್ಥಾನ. 2023ರಲ್ಲಿ ಸಂಸತ್ತಿಗೆ ಕೊಟ್ಟ ಲೆಕ್ಕ ನೋಡಿ: ವೈದ್ಯ, ದಂತವೈದ್ಯ, ನರ್ಸಿಂಗ್ ವಿಭಾಗಗಳನ್ನು ಬಿಟ್ಟು ಸೇನೆಯಲ್ಲಿ ಮಹಿಳಾ ಅಧಿಕಾರಿಗಳು 1,733, ಜವಾನರ ಶ್ರೇಣಿಯಲ್ಲಿ ನೂರು. ಗಂಡಸರ ಸೇನೆಯಲ್ಲಿ ಒಬ್ಬ ಅಧಿಕಾರಿಗೆ ಹತ್ತಾರು ಜವಾನರು. ಹೆಂಗಸರ ಸೇನೆ ತಲೆಕೆಳಗಾಗಿ ನಿಂತಿದೆ. ಡಿಗ್ರಿ ಓದಿ, ಇಂಗ್ಲಿಷ್‌ನಲ್ಲಿ ಸಂದರ್ಶನ ಕೊಟ್ಟು ಅಧಿಕಾರಿಯಾಗಬಲ್ಲವಳಿಗೆ ಕೋರ್ಟು ಹಾದಿ ಮಾಡಿಕೊಟ್ಟಿತು. ಎಸ್ಸೆಸ್ಸೆಲ್ಸಿ ಪಾಸಾದ ಮುದ್ದೇಬಿಹಾಳದ ಹುಡುಗಿಯ ಪರವಾಗಿ ಸುಪ್ರೀಂ ಕೋರ್ಟಿಗೆ ಹೋಗುವವರಿಲ್ಲ. ಹಳ್ಳಿಯ ಹೆಸರನ್ನು ನೆಪ ಮಾಡಿಕೊಂಡವರು ಹಳ್ಳಿಯ ಹುಡುಗಿಯನ್ನೇ ಎಲ್ಲರಿಗಿಂತ ಹಿಂದೆ ನಿಲ್ಲಿಸಿದ್ದಾರೆ.

ಆ ಹುಡುಗಿ ಏನು ಮಾಡುತ್ತಾಳೆ ನೋಡಿ. ಬೆಳಗಿನ ಐದು ಗಂಟೆಗೆ ಊರ ಹೊರಗಿನ ಡಾಂಬರು ರಸ್ತೆಯ ಅಂಚಿನಲ್ಲಿ ಓಡುತ್ತಾಳೆ. ಮೈಮೇಲೆ ಅಣ್ಣನ ಟೀ ಶರ್ಟು, ಕಾಲಿಗೆ ಸಂತೆಯಲ್ಲಿ ಕೊಂಡ ಕ್ಯಾನ್ವಾಸ್ ಬೂಟು. ಹಿಂದೆ ಬೈಕಿನ ಮೇಲೆ ಅಪ್ಪ ಇಲ್ಲವೇ ತಮ್ಮ, ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚ್. 1.6 ಕಿಲೋಮೀಟರನ್ನು ಎಂಟು ನಿಮಿಷದೊಳಗೆ ಮುಟ್ಟಬೇಕು. ಏಳೂವರೆಗೆ ಮುಟ್ಟಿದರೆ ಮೊದಲ ಗುಂಪು. ಹತ್ತು ಅಡಿ ಉದ್ದ ಜಿಗಿತ, ಮೂರು ಅಡಿ ಎತ್ತರ ಜಿಗಿತ. ಅದಕ್ಕೆ ಹೊಲದ ಬದುವಿನಲ್ಲಿ ಎರಡು ಗೂಟ ನೆಟ್ಟು ಹಗ್ಗ ಕಟ್ಟಿರುತ್ತಾರೆ. ಕಬ್ಬಿನ ಹಂಗಾಮಿನಲ್ಲಾದರೆ ಎರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರು ಬಂದಾಗ ಚರಂಡಿಗೆ ಇಳಿದು ನಿಲ್ಲಬೇಕು, ಆ ಸುತ್ತಿನ ಲೆಕ್ಕ ಕೆಟ್ಟಿತು. ಇದೆಲ್ಲ ಆಕೆ ಮಾಡಿಯಾಳು. ಮಾಡಲಾಗದ್ದು ಒಂದಿದೆ, 162 ಸೆಂಟಿಮೀಟರ್ ಎತ್ತರ. ಭಾರತದ ಹೆಣ್ಣಿನ ಸರಾಸರಿ ಎತ್ತರ 152ರ ಆಸುಪಾಸು. ರಕ್ತಹೀನತೆಯ ಲೆಕ್ಕ ಇನ್ನೂ ಕೆಟ್ಟದ್ದು: ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತ ಕಡಿಮೆ. ಸೇನೆಗೆ ಮೈಕಟ್ಟಿನ ಮಾನದಂಡ ಬೇಕು, ಒಪ್ಪೋಣ. ಆದರೆ ಗೇಟಿನಲ್ಲಿ ನಿಂತು ತಪಾಸಣೆ ಮಾಡುವ ಮಿಲಿಟರಿ ಪೊಲೀಸ್ ಕೆಲಸಕ್ಕೆ ದೇಶದ ಬಹುಪಾಲು ಹೆಣ್ಣುಮಕ್ಕಳು ಹುಟ್ಟಿನಿಂದಲೇ ಅನರ್ಹರಾಗುವಂಥ ಅಳತೆಗೋಲು ಏಕೆ ಎಂದು ವಿವರಿಸುವ ಹೊಣೆ ಸೇನೆಯದು.

ಮುಂದೆ ಭರತಿ. 2022ರ ನವೆಂಬರ್‌ನಲ್ಲಿ ಕರ್ನಾಟಕ, ಕೇರಳ, ಲಕ್ಷದ್ವೀಪ, ಮಾಹೆ ಎಲ್ಲಕ್ಕೂ ಸೇರಿ ಹೆಣ್ಣುಮಕ್ಕಳ ಅಗ್ನಿವೀರ್ ರ‍್ಯಾಲಿ ನಡೆದದ್ದು ಬೆಂಗಳೂರಿನ ಮಾಣೆಕ್ ಷಾ ಪರೇಡ್ ಮೈದಾನದಲ್ಲಿ. ಇಂಡಿಯಿಂದ ಬೆಂಗಳೂರಿಗೆ ಐನೂರು ಕಿಲೋಮೀಟರಿಗೂ ಮಿಕ್ಕಿ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸೇನೋ ಪುಕ್ಕಟೆ. ನಸುಕಿಗೆ ಇಳಿದ ಹದಿನೆಂಟರ ಹುಡುಗಿ ಎಲ್ಲಿ ಮುಖ ತೊಳೆಯಬೇಕು, ಎಲ್ಲಿ ಬಟ್ಟೆ ಬದಲಿಸಬೇಕು, ಜೊತೆಗೆ ಬಂದ ಅವ್ವ ಎಲ್ಲಿ ಕೂರಬೇಕು? ಗಂಡುಹುಡುಗರು ಫುಟ್‌ಪಾತಿನ ಮೇಲೆ ಟವೆಲ್ ಹಾಸಿ ಮಲಗಿ ಬೆಳಗು ಮಾಡುತ್ತಾರೆ. ಅದು ಅವರಿಗೂ ಅನ್ಯಾಯವೇ. ಹೆಣ್ಣುಮಕ್ಕಳಿಗೆ ಅದು ಆಗದ ಮಾತು. ವಿಜಯಪುರದಲ್ಲಿ ಸೈನಿಕ ಶಾಲೆಯ ನೂರಾರು ಎಕರೆ ಆವರಣವಿದೆ. ಬೆಳಗಾವಿಯಲ್ಲಿ ಮರಾಠಾ ರೆಜಿಮೆಂಟಿನ ಕೇಂದ್ರವಿದೆ, ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆಯಿದೆ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ದೈಹಿಕ ಪರೀಕ್ಷೆಯನ್ನು ಇವುಗಳಲ್ಲೊಂದರಲ್ಲಿ ನಡೆಸಲು ಸೇನೆಗೆ ಇರುವ ಕಷ್ಟ ಏನು?

ಇದನ್ನೆಲ್ಲ ದಾಟಿ ಆಯ್ಕೆಯಾದವಳಿಗೆ ಸಿಗುವುದು ನಾಲ್ಕು ವರ್ಷ. 2022ರ ಜೂನ್ 14ರಂದು ಘೋಷಿಸಿದ ಅಗ್ನಿಪಥದ, ಅಂದರೆ ಅಗ್ನಿವೀರರ ಭರತಿಯ ಯೋಜನೆಯ, ಕರಾರು ಗಂಡಿಗೂ ಹೆಣ್ಣಿಗೂ ಒಂದೇ ಎಂದು ಸರ್ಕಾರ ಬೆನ್ನು ತಟ್ಟಿಕೊಳ್ಳುತ್ತದೆ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಕೈಗೆ ಸಿಗುವುದು 21,000. ಕೊನೆಗೆ ಸೇವಾನಿಧಿ ಎಂದು ಸುಮಾರು 11.71 ಲಕ್ಷ; ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ; ಉಳಿಸಿಕೊಳ್ಳುವುದು ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬರನ್ನು. ಮತ್ತು ನಾಲ್ಕೂ ವರ್ಷ ಮದುವೆಯಾಗುವಂತಿಲ್ಲ. ಕಾಗದದ ಮೇಲೆ ಕರಾರು ಒಂದೇ. ಇಪ್ಪತ್ತೆರಡು ಇಪ್ಪತ್ತಮೂರಕ್ಕೆ ಮನೆಗೆ ಬಂದ ಹುಡುಗನಿಗೆ ‘ಮಿಲಿಟರಿಯಾಗ ಇದ್ದಾಂವ’ ಎಂದು ಸೆಕ್ಯುರಿಟಿ ಕೆಲಸವಾದರೂ ಸಿಗುತ್ತದೆ, ಹೆಣ್ಣೂ ಸಿಗುತ್ತದೆ. ಹುಡುಗಿಗೆ? ‘ನಾಕ ವರ್ಷ ಗಂಡಸರ ನಡುವ ಇದ್ದ ಬಂದಾಕಿ’ ಎಂಬ ಮಾತು ಅಂಗಳದಲ್ಲಿ ಕಾದಿರುತ್ತದೆ. ಇದು ಊರಿನ ಕೊಳಕು, ಸೇನೆಯದಲ್ಲ. ಆದರೆ ಈ ಕೊಳಕು ಇದೆ ಎಂದು ಗೊತ್ತಿದ್ದೂ, ಆಕೆಯ ಕೈಯಲ್ಲಿ ಕಾಯಂ ನೌಕರಿಯ ಬಲವಿಲ್ಲದಂತೆ ಕಳಿಸುವವರು ಸರ್ಕಾರದವರು. ಮಗಳು ಮಿಲಿಟರಿ ಭರತಿಗೆ ಅರ್ಜಿ ಹಾಕುತ್ತೇನೆ ಎಂದಾಗ, ‘ನಾಕ ವರ್ಷ ಆದ ಮ್ಯಾಲ ಏನ್ ಮಾಡ್ತಿ ಯವ್ವಾ?’ ಎಂದು ಕೇಳುವ ತಾಯಿಯನ್ನು ಹಳೆಯ ಕಾಲದವಳು ಎಂದು ಜರೆಯುವುದು ಸುಲಭ. ಆಕೆಯ ಪ್ರಶ್ನೆಗೆ ರಕ್ಷಣಾ ಸಚಿವಾಲಯದ ಬಳಿಯೇ ಉತ್ತರವಿಲ್ಲ.

2023ರ ನವೆಂಬರ್‌ನಲ್ಲಿ ಒಂದು ಘೋಷಣೆ ಬಂತು: ಮಹಿಳಾ ಸೈನಿಕರು, ನಾವಿಕರು, ವಾಯುಯೋಧರಿಗೆ ಹೆರಿಗೆ, ಮಗುವಿನ ಪಾಲನೆ ಮತ್ತು ದತ್ತು ರಜೆ ಅಧಿಕಾರಿಗಳಿಗೆ ಇರುವಷ್ಟೇ ಸಿಗಲಿದೆ. ಪತ್ರಿಕೆಗಳೆಲ್ಲ ಕೊಂಡಾಡಿದವು. ಒಂದು ನಿಮಿಷ ಯೋಚಿಸಿ. ಹೆರಿಗೆ ರಜೆ 180 ದಿನ. ಈಗ ಆ ಶ್ರೇಣಿಗಳಿಗೆ ಸೇರುತ್ತಿರುವ ಹೆಣ್ಣುಮಕ್ಕಳೆಲ್ಲ ಅಗ್ನಿವೀರರು. ಅಗ್ನಿವೀರಳಾಗಿರುವಷ್ಟು ಕಾಲ ಮದುವೆಗೆ ಅನುಮತಿಯಿಲ್ಲ. 2021ರಲ್ಲಿ ಬೆಂಗಳೂರಿನಿಂದ ಹೊರಬಿದ್ದಂಥ ಕಾಯಂ ತಂಡವನ್ನು ಬಿಟ್ಟರೆ ಈ ರಜೆಯನ್ನು ಬಳಸುವವರು ಯಾರು? ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ. ಮದುವೆಯನ್ನು ಅಪರಾಧದಂತೆ ಕಾಣುವುದು ಈ ಇಲಾಖೆಗೆ ಹೊಸದೂ ಅಲ್ಲ. ಮಿಲಿಟರಿ ನರ್ಸಿಂಗ್ ಅಧಿಕಾರಿ ಸೆಲೀನಾ ಜಾನ್ ಅವರನ್ನು ಮದುವೆಯಾದರು ಎಂಬ ಕಾರಣಕ್ಕೆ 1988ರಲ್ಲಿ ಮನೆಗೆ ಕಳಿಸಿದ್ದರು. ಹಾಗೆ ಕಳಿಸಲು ಬಳಸಿದ 1977ರ ನಿಯಮ ಹೆಂಗಸರಿಗೆ ಮಾತ್ರ ಅನ್ವಯಿಸುತ್ತಿತ್ತು. 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಮೂವತ್ತಾರು ವರ್ಷ ಕಳೆದಿತ್ತು.

ವಿಜಯಪುರದ ಸೈನಿಕ ಶಾಲೆಯ ಮಾತನ್ನೂ ಆಡಿಬಿಡಬೇಕು. ಅದು ಶುರುವಾದದ್ದು 1963ರ ಸೆಪ್ಟೆಂಬರ್ 16ರಂದು. ಜಿಲ್ಲೆಯ ಹೆಮ್ಮೆ, ಸಂಶಯವಿಲ್ಲ. ಆದರೆ ಹೆಣ್ಣುಮಗುವೊಂದು ಅಲ್ಲಿ ಆರನೆಯ ತರಗತಿಗೆ ಕಾಲಿಟ್ಟದ್ದು 2020-21ರಲ್ಲಿ. ಐವತ್ತೇಳು ವರ್ಷ ಈ ಜಿಲ್ಲೆಯ ಅರ್ಧ ಮಕ್ಕಳಿಗೆ ಆ ಗೇಟು ಮುಚ್ಚಿತ್ತು, ಮತ್ತು ಜಿಲ್ಲೆ ಅದನ್ನು ಪ್ರಶ್ನಿಸಲಿಲ್ಲ. ಕಿತ್ತೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ವಸತಿ ಸೈನಿಕ ಶಾಲೆ 1969ರಲ್ಲೇ ಎದ್ದಿತ್ತು. ಮಾದರಿ ಮಗ್ಗುಲಲ್ಲೇ ಇತ್ತು. ಈಗ ಪ್ರವೇಶ ಸಿಕ್ಕಿದೆ, ಶೇ 10 ಅಥವಾ ಹತ್ತು ಸೀಟು, ಯಾವುದು ಹೆಚ್ಚೋ ಅದು. ಮೊದಲ ವರ್ಷ ಸೇರಿದ ಹುಡುಗಿಯರು ಹನ್ನೆರಡನೆಯ ತರಗತಿಗೆ ಬರುವುದು 2026-27ರಲ್ಲಿ. ಅವರ ಎದುರಿಗೆ ಎನ್‌ಡಿಎ ಇದೆ. 2022ರಲ್ಲಿ ಅಲ್ಲಿ ಹೆಣ್ಣುಮಕ್ಕಳಿಗೆ ಇಟ್ಟದ್ದು 19 ಸೀಟು. 2025ರ ಮೇ 30ರಂದು ಖಡಕ್‌ವಾಸ್ಲಾದ ಆ ಅಕಾಡೆಮಿಯಿಂದ ಪದವಿ ಪಡೆದು ಹೊರಬಂದ ಮೊದಲ ತಂಡದಲ್ಲಿ 17 ಮಂದಿ. ಸೈನಿಕ ಶಾಲೆಯಲ್ಲಿ ಹತ್ತರಲ್ಲಿ ಒಂದು ಎಂಬುದು ಮೊದಲ ವರ್ಷದ ಪ್ರಯೋಗಕ್ಕೆ ಸರಿ; ಶಾಶ್ವತ ನಿಯಮವಾಗಿ ಅದು ಮೊಂಡು ಹಟ. ಆರನೆಯ ತರಗತಿಯ ಪ್ರವೇಶ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದ ಹೆಣ್ಣುಮಗುವನ್ನು ಬಿಟ್ಟು ಕಡಿಮೆ ಅಂಕದ ಗಂಡುಮಗುವನ್ನು ಕರೆದುಕೊಳ್ಳಲು ಯಾವ ಸಮರ್ಥನೆಯೂ ಇಲ್ಲ.

ಜಿಲ್ಲೆಯ ಮನೆಗಳೂ ಕಟಕಟೆಯಲ್ಲಿ ನಿಲ್ಲಬೇಕು. ರಾಜ್ಯದಲ್ಲಿ ಬಾಲ್ಯವಿವಾಹ ಹೆಚ್ಚಿರುವ ಜಿಲ್ಲೆಗಳ ಸಾಲಿನಲ್ಲಿ ವಿಜಯಪುರವೂ ಇದೆ. ಹದಿನೇಳೂವರೆ ವರ್ಷಕ್ಕೆ ಭರತಿಗೆ ಅರ್ಹತೆ ಬರುತ್ತದೆ. ಅಷ್ಟರೊಳಗೆ ಎಷ್ಟೋ ಮನೆಗಳಲ್ಲಿ ‘ಹುಡುಗಿ ದೊಡ್ಡಾಕಿ ಆಗ್ಯಾಳ’ ಎಂದು ಸೋದರಮಾವನ ಜೊತೆ ಮಾತು ಮುಗಿದಿರುತ್ತದೆ. ಅಂಥ ಮನೆಗಳಲ್ಲಿ ಸೇನೆಯ ನೀತಿಯ ಬಗ್ಗೆ ಚರ್ಚೆ ಮಾಡುವುದು ವ್ಯರ್ಥ. ಅಲ್ಲಿಗೆ ಹೋಗಬೇಕಾದವರು ಮಕ್ಕಳ ರಕ್ಷಣಾ ಅಧಿಕಾರಿ ಮತ್ತು ಪೊಲೀಸರು. ಹಾಗೆಂದು ಮನೆಯ ತಪ್ಪನ್ನು ಮುಂದೆ ಮಾಡಿ ಸರ್ಕಾರ ನುಣುಚಿಕೊಳ್ಳುವಂತಿಲ್ಲ. ಕಾಯಂ ನೌಕರಿಯ ಖಾತರಿ ಇದ್ದ ಕಡೆಗಳಲ್ಲಿ, ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ, ಶಿಕ್ಷಕಿಯ ಹುದ್ದೆಗೆ, ಇದೇ ಮನೆಗಳು ಮಗಳ ಮದುವೆಯನ್ನು ಎರಡು ಮೂರು ವರ್ಷ ಮುಂದೂಡುತ್ತವೆ. ಅಪ್ಪ ಜಮೀನು ಅಡ ಇಟ್ಟು ಧಾರವಾಡದ ಕೋಚಿಂಗಿಗೆ ಕಳಿಸುತ್ತಾನೆ. ಹಳ್ಳಿಯ ಮನಸ್ಸು ಲೆಕ್ಕಾಚಾರದ್ದು. ಲೆಕ್ಕ ಸರಿಬಂದರೆ ಅದು ಬದಲಾಗಲು ಹೆಚ್ಚು ಹೊತ್ತು ಬೇಕಿಲ್ಲ.

ನಮ್ಮ ತೀರ್ಪು ಹೀಗಿದೆ. ಸೇನೆಯಲ್ಲಿ ಹೆಣ್ಣಿಗೆ ಆದ ಅನ್ಯಾಯಕ್ಕೆ ಮೊದಲ ಹೊಣೆಗಾರರು ಒಂದರ ಹಿಂದೆ ಒಂದು ಬಂದ ಕೇಂದ್ರ ಸರ್ಕಾರಗಳು; ಅವು ಕೊಟ್ಟ ‘ಹಳ್ಳಿಯ ಜವಾನ ಒಪ್ಪುವುದಿಲ್ಲ’ ಎಂಬ ಸಮಜಾಯಿಷಿ ಸುಳ್ಳು, ಮತ್ತು ಈ ಸೀಮೆಯ ಮೇಲೆ ಹೊರಿಸಿದ ಕಳಂಕ. ಸಂಸತ್ತು ಸೇನಾ ಕಾಯ್ದೆಯ 12ನೇ ಸೆಕ್ಷನ್ ಅನ್ನು ತೆಗೆದುಹಾಕಬೇಕು. ಒಂದು ದಳಕ್ಕೆ ಹೆಣ್ಣನ್ನು ಸೇರಿಸಲಾಗದು ಎಂದಾದರೆ ಕಾರಣ ಕೊಡುವ ಹೊಣೆ ಸೇನೆಯ ಮೇಲಿರಬೇಕು, ಅದೂ ಸಂಸತ್ತಿನ ಮುಂದೆ, ಮುಚ್ಚಿದ ಕವರಿನಲ್ಲಲ್ಲ. ಯುದ್ಧಮುಖದಲ್ಲಿರದ ಎಲ್ಲ ದಳಗಳ ಜವಾನ್ ಹುದ್ದೆಗಳನ್ನು ಹೆಣ್ಣುಮಕ್ಕಳಿಗೆ ತಡವಿಲ್ಲದೆ ತೆರೆಯಬೇಕು. 2023ರ ಜನವರಿಯಲ್ಲಿ ಸಿಯಾಚಿನ್‌ನ ಕುಮಾರ್ ಪೋಸ್ಟಿಗೆ ಕ್ಯಾಪ್ಟನ್ ಶಿವಾ ಚೌಹಾಣ್ ಹೋಗಿ ಕೆಲಸ ಮಾಡಿದ ಮೇಲೂ, ಸಪ್ಲೈ ಡಿಪೊದ ಗೋದಾಮು ಹೆಣ್ಣಿಗೆ ಕಠಿಣ ಎನ್ನುವ ಮಾತನ್ನು ನಂಬುವಷ್ಟು ದಡ್ಡರು ಇಲ್ಲಿಲ್ಲ.

ಅಗ್ನಿವೀರ ಹೆಣ್ಣುಮಕ್ಕಳ ವಿಷಯ ಇನ್ನೂ ತುರ್ತಿನದು. ಮಿಲಿಟರಿ ಪೊಲೀಸ್‌ಗೆ ಸೇರಿದ ಮೊದಲ ಮಹಿಳಾ ಅಗ್ನಿವೀರರ ತರಬೇತಿ ಬೆಂಗಳೂರಿನಲ್ಲಿ ಆರಂಭವಾದದ್ದು 2023ರ ಮಾರ್ಚ್‌ನಲ್ಲಿ. ಸಾಂಬ್ರಾದಲ್ಲಿ 153 ಮಹಿಳಾ ಅಗ್ನಿವೀರವಾಯುಗಳು ತರಬೇತಿ ಮುಗಿಸಿದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಇವರೆಲ್ಲರ ನಾಲ್ಕು ವರ್ಷ 2027ರಲ್ಲಿ ಮುಗಿಯುತ್ತದೆ. ಇಷ್ಟು ಸಣ್ಣ ಸಂಖ್ಯೆಯ ಹೆಣ್ಣುಮಕ್ಕಳಲ್ಲಿ ಮುಕ್ಕಾಲು ಪಾಲನ್ನು ಹೊರಗೆ ಹಾಕುವುದು, ಹೆಣ್ಣುಮಕ್ಕಳು ಸೇನೆಗೆ ಬರಬೇಕು ಎಂದು ಜಾಹೀರಾತು ಕೊಡುವ ಸರ್ಕಾರಕ್ಕೆ ಒಪ್ಪುವ ನಡೆಯಲ್ಲ. ಇರಲು ಬಯಸುವ, ಅರ್ಹತೆಯುಳ್ಳ ಪ್ರತಿಯೊಬ್ಬಳನ್ನೂ ಉಳಿಸಿಕೊಳ್ಳಬೇಕು. ಹೊರಬರುವವರನ್ನು ರಾಜ್ಯ ಸರ್ಕಾರ ಪೊಲೀಸ್, ಅರಣ್ಯ, ಅಗ್ನಿಶಾಮಕ ಇಲಾಖೆಗಳಿಗೆ ನೇರವಾಗಿ ಕರೆದುಕೊಳ್ಳಲಿ. ಆಯುಧ ಹಿಡಿಯಲು ಕಲಿತು ಬಂದ ಹೆಣ್ಣುಮಕ್ಕಳನ್ನು ಮತ್ತೆ ಅರ್ಜಿ ಫಾರಂ ಹಿಡಿದು ಸಾಲಿನಲ್ಲಿ ನಿಲ್ಲಿಸುವುದು ಬೇಡ.

ಮಿಕ್ಕದ್ದು ಜಿಲ್ಲೆಯೊಳಗೇ ಆಗುವ ಕೆಲಸ, ದಿಲ್ಲಿಯ ಹಂಗಿಲ್ಲ. ನಾಲ್ಕೂ ಪಟ್ಟಣಗಳ ತಾಲ್ಲೂಕು ಕ್ರೀಡಾಂಗಣದಲ್ಲಿ ಬೆಳಿಗ್ಗೆ ಐದರಿಂದ ಏಳರವರೆಗೆ ಹೆಣ್ಣುಮಕ್ಕಳಿಗೆ ದೀಪ, ಕಾವಲು, ಬಟ್ಟೆ ಬದಲಿಸಲು ಬೀಗವಿರುವ ಕೋಣೆ, ಓಟ ಕಲಿಸಲು ನಿವೃತ್ತ ಸುಬೇದಾರರೊಬ್ಬರು. ಕಾಲೇಜುಗಳ ಎನ್‌ಸಿಸಿಯಲ್ಲಿ ಹುಡುಗಿಯರಿಗೆ ಸಮಪಾಲು. ಎಂಟನೆಯ ತರಗತಿಯಿಂದಲೇ ಕಬ್ಬಿಣದ ಮಾತ್ರೆಯನ್ನು ಹಂಚಿ, ನುಂಗಿದ್ದನ್ನು ನೋಡಿ ರಿಜಿಸ್ಟರಿನಲ್ಲಿ ಬರೆಯುವ ಶಾಲೆ. ಜಿಲ್ಲಾಡಳಿತಕ್ಕೆ ಇದರ ಖರ್ಚು ಒಂದು ಉತ್ಸವದ ವೇದಿಕೆಯಷ್ಟೂ ಆಗದು.

ವಿಜಯಪುರದ ಸಂಸದರಿಗೂ ಒಂದು ಕೆಲಸವಿದೆ. ಕಳೆದ ಐದು ವರ್ಷಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ಮೂರೂ ಪಡೆಗಳಿಗೆ ಅರ್ಜಿ ಹಾಕಿದ ಹೆಣ್ಣುಮಕ್ಕಳು ಎಷ್ಟು, ಎತ್ತರದಲ್ಲಿ ಬಿದ್ದವರೆಷ್ಟು, ಓಟದಲ್ಲಿ ಬಿದ್ದವರೆಷ್ಟು, ರಕ್ತ ಕಡಿಮೆಯೆಂದು ಹಿಂದೆ ಬಂದವರೆಷ್ಟು, ಆಯ್ಕೆಯಾದವರೆಷ್ಟು? ಚುಕ್ಕೆ ಗುರುತಿನ ಒಂದು ಪ್ರಶ್ನೆ ಸಾಕು. ಲೋಕಸಭೆಯ ಮುಂದಿನ ಅಧಿವೇಶನದಲ್ಲಿ ಅದನ್ನು ಕೇಳಲಿ, ಬಂದ ಉತ್ತರವನ್ನು ನಾಲ್ಕೂ ತಾಲ್ಲೂಕು ಕಚೇರಿಗಳ ಗೋಡೆಗೆ ಅಂಟಿಸಲಿ.